ಚಿಮಣಿ ಎಣ್ಣೆ ಕುಡಿದ ಗಾಡಿ

ಗೇಟಿಗೆ ಬಣ್ಣ ಬಳಿಯಲು ಬಂದವನು ಕೆಲಸ ಮುಗಿಸಿ, ಕೈ ತೊಳೆಯಲು ಸ್ವಲ್ಪ ಚಿಮಣಿ ಎಣ್ಣೆ ಇದೆಯೇ ಎಂದು ಕೇಳಿದ. ನನಗೆ ನಗು ಬಂತು. ಸೀಮೆಎಣ್ಣೆಯನ್ನು ಈಗ ಯಾರು ಮನೆಯಲ್ಲಿ ಇಟ್ಟುಕೊಂಡಿದ್ದಾರೆ? ಅಥಣಿ ರಸ್ತೆಯ ಈ ಬಡಾವಣೆಯಲ್ಲಿ ಮನೆ ಮನೆ ಕೇಳಿದರೂ ಒಂದು ಚಮಚ ಸಿಗಲಿಕ್ಕಿಲ್ಲ. ಇಲ್ಲಪ್ಪ ಎಂದೆ. ಅವನೇ ತನ್ನ ಚೀಲದ ತಳದಿಂದ ಒಂದು ಬಾಟಲಿ ತೆಗೆದು, ಚಿಂದಿಗೆ ಸುರುವಿಕೊಂಡು ಬೆರಳು ತಿಕ್ಕತೊಡಗಿದ. ಗಾಳಿ ಅವನ ಕಡೆಯಿಂದಲೇ ಬೀಸುತ್ತಿತ್ತು. ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವ ಮೊದಲೇ ನನ್ನ ಕೈ ಸೆರಗನ್ನು ಎತ್ತಿ ಮೂಗಿಗೆ ಹಿಡಿದಿತ್ತು. ಸೆರಗಿನಲ್ಲಿ ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಕಿವಿಯವರೆಗೆ ನಾಚಿಕೆ ಏರಿತು. ಇಷ್ಟು ವರ್ಷಗಳಾದರೂ ಈ ಹಾಳು ಕೈ ಮರೆತಿಲ್ಲ ನೋಡಿ.

ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ದರ ಒಮ್ಮೆಲೇ ಏರಿ ಜನ ಬಾಯಿಬಾಯಿ ಬಿಟ್ಟ ವರ್ಷ ಅದು. ವಿಜಯಪುರ ಆಗ ವಿಜಾಪುರ. ನನ್ನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಟಿಕೋಟಾದ ಪ್ರಾಥಮಿಕ ಶಾಲೆಯಲ್ಲಿ ನನಗೆ ಮೊದಲ ನೌಕರಿ. ಮನೆ ವಿಜಾಪುರದಲ್ಲಿ, ಕೋಟೆಗೋಡೆಯ ಮಗ್ಗುಲಿನ ಓಣಿಯಲ್ಲಿ. ಮನೆಯಲ್ಲಿ ನಾನು, ನಮ್ಮವರು, ಮತ್ತು ಅತ್ತೆ. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ನಮ್ಮವರು ಒಂದು ಪಂಪಿನ ಅಂಗಡಿಯಲ್ಲಿ ಫಿಟ್ಟರ್. ಟಿಕೋಟಾ ಸುತ್ತಲಿನ ಹೊಲಗಳ ಬಾವಿಗಳಿಗೆ ಪಂಪು ಕೂಡಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಅವರ ಕೆಲಸ. ದಿನಾ ಬೆಳಿಗ್ಗೆ ನನ್ನನ್ನು ಶಾಲೆಯ ಮುಂದೆ ಇಳಿಸಿ ಬಾವಿಗಳ ಕಡೆ ಹೋಗುವರು, ಸಂಜೆ ಕರೆದುಕೊಂಡು ಬರುವರು.

ಇಳಿಸುತ್ತಿದ್ದದ್ದು ಒಂದು ಹಳೇ ಮೋಟಾರ್‌ಸೈಕಲ್ಲಿನಿಂದ. ಮಿಲಿಟರಿಯ ಹರಾಜಿನಲ್ಲಿ ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕಡೆಗೆ ಇವರ ಕೈಗೆ ಬಂದಿತ್ತು. ನನ್ನ ಮದುವೆ ಗೊತ್ತಾದದ್ದೇ ಅದರ ದೆಸೆಯಿಂದ ಎಂದರೂ ನಡೆದೀತು. ನನ್ನ ತವರು ಬಬಲೇಶ್ವರ. ಅಪ್ಪ ಇಲ್ಲದ ಮನೆಗೆ ಅಣ್ಣ ಮಲ್ಲಪ್ಪನೇ ಯಜಮಾನ. ಹುಡುಗ ಹೇಗೆ ಎಂದು ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು, ಮೋಟಾರ್‌ಸೈಕಲ್ ಇಟ್ಟಾನ ಅಂತ. ಮದುವೆಯಲ್ಲಿ ನನ್ನನ್ನು ನೋಡಿದವರಿಗಿಂತ ಅದನ್ನು ನೋಡಿದವರೇ ಹೆಚ್ಚು.

ಆ ಗಾಡಿಗೆ ಪೆಟ್ರೋಲ್ ಹಾಕುವುದು ನಮ್ಮಿಂದ ಆಗದಂತಾಯಿತು. ಬಸ್ಸಿಗೆ ಹೋಗುತ್ತೇನೆ ಎಂದೆ. ಇವರು ಕೇಳಬೇಕಲ್ಲ. ಆಗಿನ ಕೆಲವು ಪಂಪುಗಳು ಪೆಟ್ರೋಲಿನಲ್ಲಿ ಶುರುವಾಗಿ, ಎಂಜಿನ್ ಕಾದ ಮೇಲೆ ಚಿಮಣಿ ಎಣ್ಣೆಯಲ್ಲಿ ಓಡುತ್ತಿದ್ದವು. ಬಾವಿಯ ಮೇಲಿನ ಎಂಜಿನ್ ಕುಡಿಯುವುದನ್ನು ಗಾಡಿಯ ಎಂಜಿನ್ ಯಾಕೆ ಕುಡಿಯುವುದಿಲ್ಲ ಎಂಬ ಪ್ರಶ್ನೆ ಇವರ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಬರಲಿಲ್ಲ.

ದೀಪಾವಳಿ ಮುಗಿದು ಚಳಿ ಕಾಲಿಟ್ಟಿತ್ತು. ಹಿತ್ತಲಿನಲ್ಲಿ ಗಾಡಿಯನ್ನು ಬಿಚ್ಚಿ ಹರವಿದರು. ಅತ್ತೆ ಹಿಟ್ಟು ನಾದುವ ಪರಾತದಲ್ಲಿ ನಟ್ಟು ಬೋಲ್ಟು ತುಂಬಿದರು. ಎಂಜಿನ್ನಿನ ತಲೆಯ ಕೆಳಗೆ ತಾವೇ ಕತ್ತರಿಸಿದ ಇನ್ನೊಂದು ಪ್ಯಾಕಿಂಗ್ ಕೊಟ್ಟರು. ಒಳಗಿನ ಒತ್ತಡ ಇಳಿಯದಿದ್ದರೆ ಚಿಮಣಿ ಎಣ್ಣೆಗೆ ಎಂಜಿನ್ ಬಡಿದುಕೊಳ್ಳುತ್ತದಂತೆ. ತಾಮ್ರದ ಸಣ್ಣ ನಳಿಗೆಯೊಂದನ್ನು ಸೈಲೆನ್ಸರಿನ ಪೈಪಿಗೆ ಸುತ್ತು ಸುತ್ತಿ, ಎಣ್ಣೆ ಅದರೊಳಗೆ ಹರಿದು, ಕಾದು, ಕಾರ್ಬುರೇಟರಿಗೆ ಇಳಿಯುವಂತೆ ಮಾಡಿದರು. ದೊಡ್ಡ ಟ್ಯಾಂಕಿನಲ್ಲಿ ಚಿಮಣಿ ಎಣ್ಣೆ, ಅದರ ಮಗ್ಗುಲಿಗೆ ಕಟ್ಟಿದ ಸಣ್ಣ ಡಬ್ಬಿಯಲ್ಲಿ ಪೆಟ್ರೋಲ್, ಎರಡರ ನಡುವೆ ನಲ್ಲಿಯಂತೆ ತಿರುವುವ ಒಂದು ಚಾವಿ. ಗಾಡಿ ಶುರು ಮಾಡುವಾಗ ಚಾವಿ ಪೆಟ್ರೋಲಿನ ಕಡೆ ಇರಬೇಕು, ಕಾದ ಮೇಲೆ ಎಣ್ಣೆಯ ಕಡೆ ತಿರುವಬೇಕು, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು. ಈ ಕಡೆಯದನ್ನು ಮರೆತರೆ ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ನಿನೊಳಗೆ ಬರೀ ಚಿಮಣಿ ಎಣ್ಣೆ ನಿಂತು, ಗಾಡಿ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಅಷ್ಟೆಲ್ಲ ಬುದ್ಧಿ ಓಡಿಸಿದ ಮನುಷ್ಯ ದಿನಾ ಮರೆಯುತ್ತಿದ್ದದ್ದು ಅದೊಂದನ್ನೇ. ಓಣಿಯ ಗಂಡಸರು ಗಾಡಿ ನೂಕುವುದು, ನಾನು ಶಾಲೆಯ ಚೀಲ ಹಿಡಿದು ಹಿಂದೆ ಹಿಂದೆ ನಡೆಯುವುದು. ನೂಕುವವರ ಮುಖ ನೋಡಲಾಗದೆ ನಾನು ಕೋಟೆಗೋಡೆ ನೋಡುತ್ತಿದ್ದೆ.

ಅತ್ತೆ ಮೊದಲು ಒಪ್ಪಿರಲಿಲ್ಲ. ರೇಶನ್ ಅಂಗಡಿಯ ಎಣ್ಣೆ ದೀಪಕ್ಕೆ, ಸ್ಟೋವಿಗೆ ಎಂದು ಕೊಡುವುದು; ಗಾಡಿಗೆ ಹಾಕಿದ್ದು ಗೊತ್ತಾದರೆ ಕಾರ್ಡೇ ಕಿತ್ತುಕೊಳ್ಳುತ್ತಾರೆ ಎಂದು ಹೆದರಿದರು. ಮಗನನ್ನು ಮನಸಾರೆ ಬೈದರು. ಬೈದು, ಮರುದಿನ ಸ್ಟೋವನ್ನು ಒರೆಸಿ ಗೂಡಿನ ಮೇಲೆ ಎತ್ತಿಟ್ಟು, ತೊಗರಿಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ರೊಟ್ಟಿ ಬಡಿದರು. ಉಳಿದ ಎಣ್ಣೆ ಗಾಡಿಗೆ ಹೋಯಿತು. ಅವರು ಹಾಗೆ. ಬಾಯಿ ಒಂದು ಹೇಳುವುದು, ಕೈ ಇನ್ನೊಂದು ಮಾಡುವುದು. ಆದರೆ ಆ ಗಾಡಿಯನ್ನು ಮಾತ್ರ ಎಂದೂ ಮುಟ್ಟಿದವರಲ್ಲ. ಮಗನೇ ಆದರೂ ಗಂಡಸಿನ ಬೆನ್ನಿಗೆ ಅಂಟಿಕೊಂಡು ಬಜಾರಿನಲ್ಲಿ ಹೋಗುವುದೆಂದರೆ ಅವರಿಗೆ ಹೇಸಿಗೆ. ಎಷ್ಟೇ ದೂರವಿದ್ದರೂ ನಡೆದೇ ಹೋಗುವರು, ಇಲ್ಲವೆಂದರೆ ಟಾಂಗಾ.

ಗಾಡಿ ಓಡಿತು, ಅದನ್ನು ಒಪ್ಪಬೇಕು. ಊರು ದಾಟಿದ ಮೇಲೆ ಇವರು ಚಾವಿ ತಿರುವುವರು. ಎಂಜಿನ್ ಒಮ್ಮೆ ಕೆಮ್ಮಿ, ಬೆಳ್ಳಗೆ ಹೊಗೆ ಉಗುಳಿ, ಮುಂದೆ ಹೋಗುವುದು. ರಸ್ತೆಯ ಎರಡೂ ಕಡೆ ಹಿಂಗಾರಿ ಜೋಳ ತೆನೆ ಹೊತ್ತು ನಿಂತಿರುತ್ತಿತ್ತು. ಗಾಳಿ ಹಲ್ಲು ಕಟಕಟ ಅನ್ನಿಸುವಂಥದು. ಸುಡದೆ ಉಳಿದ ಎಣ್ಣೆ ಸಣ್ಣ ಹನಿಯಾಗಿ ಹಿಂದೆ ಸಿಡಿದು, ಒಂದೇ ಮಗ್ಗುಲಿಗೆ ಕಾಲು ಹಾಕಿ ಕೂತ ನನ್ನ ಸೀರೆಗೆ ಹತ್ತುವುದು. ಟಿಕೋಟಾ ಮುಟ್ಟುವ ಹೊತ್ತಿಗೆ ನಿರಿಗೆಯ ಅಂಚು ಜಿಡ್ಡಾಗಿರುತ್ತಿತ್ತು. ಒಗೆದರೂ ವಾಸನೆ ಹೋಗದು. ಒಂದು ದಿನ ಸೀರೆಗೆಲ್ಲ ಪೌಡರ್ ಉದುರಿಸಿಕೊಂಡು ಹೋದೆ. ಪೌಡರಿನ ಜೊತೆ ಸೇರಿ ಅದು ಇನ್ನೂ ಕೆಟ್ಟಿತು. ಇಳಿಯುವ ಅವಸರದಲ್ಲಿ ಸೈಲೆನ್ಸರ್ ತಾಗಿ ಮೀನಖಂಡದ ಮೇಲೆ ರೂಪಾಯಿಯಗಲ ಸುಟ್ಟಿತು. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ಮಕ್ಕಳು ನನಗೆ ಚಿಮಣಿ ಅಕ್ಕೋರು ಎಂದು ಹೆಸರಿಟ್ಟರು. ನಾನು ಬೋರ್ಡಿನ ಕಡೆ ತಿರುಗಿದಾಗ ಹಿಂದೆ ಮೂಗು ಮುಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. ತಿರುಗಿ ಬೈಯಲೂ ಆಗದು, ಯಾಕೆಂದರೆ ಅವರು ಹೇಳುವುದು ಸರಿಯಾಗಿಯೇ ಇತ್ತು.

ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು.

ಪಕ್ಕದ ಮನೆಯಲ್ಲಿ ಖತೀಜಾಬಿ ಇದ್ದರು, ಅತ್ತೆಯ ವಾರಿಗೆಯವರು. ಎರಡೂ ಹಿತ್ತಲಿನ ನಡುವೆ ಎದೆಯೆತ್ತರದ ಗೋಡೆ. ಮಜ್ಜಿಗೆ, ಕರಿಬೇವು, ಮಾತು, ಎಲ್ಲ ಅದರ ಮೇಲೆಯೇ ಆಚೆ ಈಚೆ ಹೋಗುತ್ತಿದ್ದವು. ಒಂದು ಬೆಳಿಗ್ಗೆ ಅವರು ಗೋಡೆಗೆ ಒರಗಿ ಅತ್ತೆಯನ್ನು ಕೇಳಿದರು: “ಅಕ್ಕಾರ, ನಿಮ್ಮ ಸೊಸಿ ಸೀರಿ ಚಿಮಣಿ ಎಣ್ಣಿ ನಾರತೈತಲ್ಲ, ಯಾಕ?”

ಅತ್ತೆ ತಲೆ ಎತ್ತದೆ, “ಸ್ಟೋ ಸೋರಾಕತ್ತೈತಿ” ಎಂದರು.

ಆ ಮಾತಿಗೆ ಅದೆಂಥ ಗಳಿಗೆ ಕೂಡಿತ್ತೋ. ಅದೇ ವರ್ಷದ ಮಳೆಗಾಲದಲ್ಲಿ ನಮ್ಮ ಓಣಿಯಿಂದ ಸ್ವಲ್ಪ ಆಚೆ ಒಬ್ಬ ಸೊಸೆ ಸುಟ್ಟುಕೊಂಡು ಸತ್ತಿದ್ದಳು. ಸ್ಟೋವ್ ಸಿಡಿಯಿತು ಎಂದು ಆ ಮನೆಯವರು ಹೇಳಿದ್ದರು. ಜನ ಹೌದೌದು ಎಂದು ತಲೆಯಾಡಿಸಿ, ಮೂಲೆ ತಿರುಗಿದ ಮೇಲೆ ಬೇರೆ ಮಾತಾಡಿದ್ದರು. ಅಲ್ಲಿಂದ ನಮ್ಮ ಕಡೆ ಸ್ಟೋವ್ ಎಂಬ ಶಬ್ದಕ್ಕೆ ಅಡುಗೆಮನೆಯ ಅರ್ಥವೇ ಹೋಗಿಬಿಟ್ಟಿತ್ತು. ಅತ್ತೆಗೆ ಅದು ಹೊಳೆಯಲಿಲ್ಲ. ಮಗನ ಗುಟ್ಟು ಕಾಯುವ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದರು. ಆ ಚಳಿಗಾಲ ಇಡೀ ಓಣಿಯಲ್ಲಿ ಸ್ಟೋವ್ ಹಚ್ಚದ ಮನೆ ಯಾವುದಾದರೂ ಇದ್ದರೆ ಅದು ನಮ್ಮದು.

ಮರುದಿನದಿಂದ ಖತೀಜಾಬಿ ನಾನು ಹಿತ್ತಲಿಗೆ ಬಂದಾಗಲೆಲ್ಲ ಗೋಡೆಯ ಹತ್ತಿರ ಬರತೊಡಗಿದರು. ಅತ್ತೆ ಒಳಗಿರುವುದನ್ನು ನೋಡಿಕೊಂಡು, ಆರಾಮ ಇದ್ದೀಯೇನ ಬೇಟಿ ಎಂದು ಮೆಲ್ಲಗೆ ಕೇಳುವರು. ಹೌದು ಎಂದರೆ ಇನ್ನಷ್ಟು ಮೆಲ್ಲಗೆ, ಏನರ ಇದ್ದರ ಗೋಡಿ ಮ್ಯಾಲಿಂದ ಒಂದ ಕೂಗ ಹಾಕು ಎನ್ನುವರು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ. ಯಾಕೆ ಹಾಗೆ ಕೇಳುತ್ತಾರೆಂದು ನನ್ನ ಮಂಕುತಲೆಗೆ ಹತ್ತಲೇ ಇಲ್ಲ.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಹಬ್ಬದಡುಗೆಯನ್ನು ಭೂಮಿತಾಯಿಗೆ ಎರಚುವ ಹಬ್ಬ. ಹೊಸ ಮದುವೆಯ ಮಗಳನ್ನು ತವರಿಗೆ ಕರೆಯುವುದು ಪದ್ಧತಿ. ಅಣ್ಣ ಕರೆಯಲು ಬರುವವನಿದ್ದ. ಬರುವ ದಿನ ಗೊತ್ತಿತ್ತು, ಅಷ್ಟು ಬೆಳಿಗ್ಗೆ ಬರುತ್ತಾನೆಂದು ಗೊತ್ತಿರಲಿಲ್ಲ.

ಆ ದಿನ ರವಿವಾರ. ಇವರು ಹಿಂದಿನ ಸಂಜೆ ಎಂದಿನಂತೆ ಚಾವಿ ಮರೆತಿದ್ದರು. ಕಾರ್ಬುರೇಟರಿನಲ್ಲಿ ನಿಂತಿದ್ದ ಚಿಮಣಿ ಎಣ್ಣೆಯನ್ನು ಒಂದು ಡಬ್ಬಿಗೆ ಬಸಿದು, ಹಿಡಕೋ ಎಂದು ನನ್ನ ಕೈಗೆ ಕೊಟ್ಟು, ಕಿಕ್ ಹೊಡೆದರು. ಗಾಡಿ ಢಬ್ ಎಂದು ಸಿಡಿದ ಸದ್ದಿಗೆ ನಾನು ಬೆಚ್ಚಿಬಿದ್ದೆ, ಡಬ್ಬಿಯಲ್ಲಿದ್ದದ್ದು ನನ್ನ ಸೆರಗಿನ ಮೇಲೆ ಬಿತ್ತು. ಆದರೆ ಗಾಡಿ ಶುರುವಾಗಿತ್ತು. ಶುರುವಾದದ್ದನ್ನು ನಿಲ್ಲಿಸುವ ಧೈರ್ಯ ಇವರಿಗೆಲ್ಲಿ? ಎಂಜಿನ್ ಕಾಯಿಸಿಕೊಂಡು ಬರುತ್ತೇನೆಂದು ಹಿಂದಿನ ಬಾಗಿಲಿನಿಂದಲೇ ಹತ್ತಿ ಹೋದರು. ನಾನು ಖಾಲಿ ಡಬ್ಬಿ ಹಿಡಿದು, ತೊಯ್ದ ಸೆರಗಿನಲ್ಲಿ ನಿಂತಿದ್ದೆ. ಅದೇ ಹೊತ್ತಿಗೆ ಅತ್ತೆ ನಮ್ಮ ಒಲೆ ಹಚ್ಚಲೆಂದು ಖತೀಜಾಬಿಯ ಒಲೆಯಿಂದ ಉರಿಯುವ ಕಟ್ಟಿಗೆಯೊಂದನ್ನು ತೆಗೆದುಕೊಂಡು ಬಂದರು. ನನ್ನನ್ನು ನೋಡಿ ಅವರ ಜೀವ ಹಾರಿತು. ನಿಂತಲ್ಲೇ ಕಿರುಚಿದರು: “ದೂರ ಸರಿಯ! ಸುಟಗೊಂಡ ಸಾಯತಿ ನೋಡು!”

ಒಳಬಾಗಿಲಿನಲ್ಲಿ ಅಣ್ಣ ನಿಂತಿದ್ದ. ದೂರ ಸರಿ ಎಂದದ್ದು ಅವನಿಗೆ ಕೇಳಿತೋ ಇಲ್ಲವೋ. ಸಾಯತಿ ಎಂದದ್ದಂತೂ ಕೇಳಿತ್ತು.

ಏನಿದು ಎಂದು ಕೇಳಿದ. ಅತ್ತೆ ಉರಿಯುವ ಕಟ್ಟಿಗೆ ಕೈಯಲ್ಲೇ ಹಿಡಿದು, ಏನಿಲ್ಲರಿ ತಮ್ಮಾ, ಸ್ಟೋ ಸೋರಾಕತ್ತೈತಿ ಎಂದರು. ನಾನು ನೆಲ ನೋಡಿದೆ. ಮೋಟಾರ್‌ಸೈಕಲ್ಲಿನ ಅಳಿಯ ಎಂದು ಊರಿಗೆಲ್ಲ ಹೇಳಿಕೊಂಡ ಅಣ್ಣನಿಗೆ, ಆ ಅಳಿಯನ ಕೈಲಿ ಪೆಟ್ರೋಲ್ ಹಾಕಿಸಲು ಆಗುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಅಣ್ಣನ ಕಣ್ಣು ಅಡುಗೆಮನೆಯೊಳಗೆ ಹೋಯಿತು. ಗೂಡಿನ ಮೇಲೆ ಸ್ಟೋವ್ ಇತ್ತು, ಒಣಗಿ, ಧೂಳು ಹಿಡಿದು. ಅವನು ಚಹಾ ಸಹ ಕುಡಿಯಲಿಲ್ಲ. ಸೀರೆ ಬದಲಿಸಿಕೊಂಡು ನಡಿ ಎಂದ. ನಾನು ಬದಲಿಸಿದ ಒದ್ದೆ ಸೀರೆಯನ್ನು ತಾನೇ ಗಂಟು ಕಟ್ಟಿ ಬಗಲಲ್ಲಿ ಇಟ್ಟುಕೊಂಡ. ಓಣಿಯ ಬಾಯಲ್ಲಿ ಖತೀಜಾಬಿ ಅವನನ್ನು ನಿಲ್ಲಿಸಿ ಏನೋ ಹೇಳಿದರು. ಮುಂದೆ ನಡೆಯುತ್ತಿದ್ದ ನನಗೆ ಒಂದೇ ಶಬ್ದ ಕಿವಿಗೆ ಬಿತ್ತು. ಸ್ಟೋ.

ಬಸ್ಸಿನಲ್ಲಿ ಅಣ್ಣ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಗಂಟಿನ ವಾಸನೆಗೆ ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ಬಬಲೇಶ್ವರದಲ್ಲಿ ಅವ್ವ ಆ ಗಂಟು ಬಿಚ್ಚಿ ಮೂಸಿ ಮಡಚಿಟ್ಟಳು. ಆಮೇಲೆ ಎಣ್ಣೆ ಹಚ್ಚಿ ಎರೆಯುತ್ತೇನೆ ಬಾ ಎಂದು ಬಚ್ಚಲಿಗೆ ಕರೆದಳು. ಹಬ್ಬಕ್ಕೆ ಬಂದ ಮಗಳಿಗೆ ಎರೆಯುವುದು ಇದ್ದದ್ದೇ ಎಂದು ಕೂತೆ. ಅವ್ವ ಎಣ್ಣೆ ಹಚ್ಚುತ್ತಿದ್ದಳು, ಆದರೆ ಅವಳ ಕೈ ಎಣ್ಣೆ ಹಚ್ಚುವವರ ಕೈ ಆಗಿರಲಿಲ್ಲ. ಬೆನ್ನು ತಿರುವಿ ನೋಡಿದಳು, ತೋಳು ಎತ್ತಿ ನೋಡಿದಳು, ಕತ್ತಿನ ಕೂದಲು ಸರಿಸಿ ನೋಡಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ಆಗ ತಿಳಿಯಿತು. ಮೈಯೆಲ್ಲ ಮುದುಡಿತು. ಆ ಹೊತ್ತಿಗೆ ಅವಳ ಕೈ ಮೀನಖಂಡಕ್ಕೆ ಬಂದಿತ್ತು.

“ಇದೇನ ಸುಟ್ಟದ್ದು?”

“ಸೈಲೆನ್ಸರ್ ತಾಕೇತಿ ಬೇ.”

“ನಿಮ್ಮತ್ತಿ ಸ್ಟೋ ಅಂದ್ಲಂತಲ್ಲ?”

“ಸ್ಟೋ ಅಲ್ಲ ಬೇ, ಗಾಡಿ. ಗಾಡಿಗೆ ಚಿಮಣಿ ಎಣ್ಣಿ ಹಾಕತಾರ ಅವರು.”

ಅವ್ವ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಬಂದವು. “ಎಷ್ಟ ಅಂಜಿಸ್ಯಾರವಾ ನಿನ್ನ” ಎಂದಳು.

ನಾನು ಖರೆ ಹೇಳಿದಷ್ಟೂ ಅದು ಅಂಜಿ ಹೇಳಿದ ಸುಳ್ಳಾಯಿತು. ಅತ್ತೆ ಸ್ಟೋವ್ ಅಂದಿದ್ದಾರೆ, ಸೊಸೆ ಮೋಟಾರ್‌ಸೈಕಲ್ ಅನ್ನುತ್ತಾಳೆ, ಇಬ್ಬರ ಮಾತೂ ಕೂಡುವುದಿಲ್ಲ. ಮೋಟಾರ್‌ಸೈಕಲ್ ಚಿಮಣಿ ಎಣ್ಣೆ ಕುಡಿಯುತ್ತದೆ ಎಂದು ಬಬಲೇಶ್ವರದಲ್ಲಿ ಯಾರಾದರೂ ಕೇಳಿದ್ದರೆ ತಾನೆ? ಚರಗದ ದಿನ ಹೊಲದಲ್ಲಿ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಹರವಿಕೊಂಡು ಕೂತಾಗ ಚಿಕ್ಕಮ್ಮ ದೊಡ್ಡಮ್ಮಂದಿರೆಲ್ಲ ನನ್ನ ತಟ್ಟೆಗೇ ಬಡಿಸಿದರು. ಯಾರೂ ನನ್ನನ್ನು ಒಲೆಯ ಹತ್ತಿರ ಹೋಗಗೊಡಲಿಲ್ಲ. ತಲೆ ಸವರುವರು, ನಿಟ್ಟುಸಿರು ಬಿಡುವರು. ಕಷ್ಟಪಟ್ಟವಳಿಗೆ ಸಿಗಬೇಕಾದ ಮರುಕವನ್ನು ಕಷ್ಟಪಡದೆ ತಿನ್ನುವುದಿದೆಯಲ್ಲ, ಅದು ಗಂಟಲಲ್ಲಿ ಇಳಿಯುವುದಿಲ್ಲ. ಅಲ್ಲಿ ವಿಜಾಪುರದಲ್ಲಿ ಒಬ್ಬ ಹೆಂಗಸು, ನನಗೆ ಎಂದೂ ಒಂದು ಏಟು ಹಾಕದವಳು, ನನ್ನ ಸೆರಗಿಗೆ ಬೆಂಕಿ ತಾಗೀತೆಂದು ಕಿರುಚಿದವಳು, ಇಲ್ಲಿ ಹೋಳಿಗೆ ತಿನ್ನುವವರ ಬಾಯಲ್ಲಿ ಕೊಲೆಗಡುಕಿ ಆಗುತ್ತಿದ್ದಳು. ನಾನು ಅಲ್ಲಗಳೆದರೆ, ಪಾಪ, ಎಷ್ಟು ಒಳ್ಳೆ ಮಗಳು ನೋಡು, ಅತ್ತೆಯನ್ನು ಬಿಟ್ಟುಕೊಡುವುದಿಲ್ಲ ಎನ್ನುವರು.

ಹಬ್ಬ ಮುಗಿದರೂ ನನ್ನನ್ನು ಕಳಿಸಲಿಲ್ಲ. ಶಾಲೆಗೆ ರಜೆಯ ಅರ್ಜಿ ಹೋಯಿತು. ಇವರು ಕರೆಯಲು ಬಂದರು.

ಬಂದದ್ದು ಹೇಗೆ ಎನ್ನುತ್ತೀರಿ? ಬೀಗರ ಮನೆಗೆ ಹೋಗುವುದೆಂದು ಎಲ್ಲಿಂದಲೋ ಪೆಟ್ರೋಲ್ ಹೊಂದಿಸಿ, ಟ್ಯಾಂಕನ್ನು ತೊಳೆದು ತುಂಬಿಸಿ, ಎಂಜಿನ್ ಥಳಥಳ ಒರೆಸಿ, ಇಸ್ತ್ರಿಯ ಅಂಗಿ ತೊಟ್ಟು, ವಾಸನೆ ಬರಬಾರದೆಂದು ಮೈಗೆಲ್ಲ ಅತ್ತರು ಪೂಸಿಕೊಂಡು ಬಂದಿದ್ದರು. ಬಾಗಿಲ ಸಂದಿಯಿಂದ ನೋಡಿ ನನಗೆ ಹಣೆ ಚಚ್ಚಿಕೊಳ್ಳಬೇಕು ಎನಿಸಿತು. ಅವರ ಜನ್ಮದಲ್ಲಿ ಒಂದೇ ಒಂದು ದಿನ ಅವರು ನಾರಬೇಕಿತ್ತು, ಆ ದಿನ ಅತ್ತರು.

ಅಣ್ಣ ಅವರನ್ನು ಕಟ್ಟೆಯ ಮೇಲೆ ಕೂಡ್ರಿಸಲಿಲ್ಲ. ಇವರು ಸಂಗತಿ ಎಲ್ಲ ಬಿಡಿಸಿ ಹೇಳಿದರು, ತಾಮ್ರದ ನಳಿಗೆ ತೋರಿಸಿದರು, ಚಾವಿ ತಿರುವಿ ತೋರಿಸಿದರು. ಅಣ್ಣ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಪೆಟ್ರೋಲ್.

“ಇದು ಮೋಟಾರ್‌ಸೈಕಲ್ ಐತ್ರಿ ಬೀಗರ. ಕಂದೀಲ ಅಲ್ಲ.”

ಇವರು, ಒಂದು ಬಾಟಲಿ ಚಿಮಣಿ ಎಣ್ಣೆ ಕೊಡಿ, ಇಲ್ಲೇ ಓಡಿಸಿ ತೋರಿಸುತ್ತೇನೆ ಎಂದರು. ತನ್ನ ತಂಗಿ ಇರುವ ಮನೆಯಲ್ಲಿ ಇನ್ನು ಚಿಮಣಿ ಎಣ್ಣೆ ಹೊರಗೆ ತೆಗೆಯುವುದು ಬೇಡ ಎಂದ ಅಣ್ಣ. ಮುಂದಿನ ಮಾತೆಲ್ಲ ಹಿರಿಯರ ಮುಂದೆ ಆಗಲಿ, ನಿಮ್ಮ ತಾಯಿಯನ್ನು ಕರೆದುಕೊಂಡು ಬನ್ನಿ, ಅಲ್ಲಿ ಕೇಳೋಣ ಎಂದು ದಿನ ಹೇಳಿದ. ನಾಲ್ಕು ಮಂದಿ ಹಿರಿಯರು ಕೂತು ನನ್ನ ಅತ್ತೆಯನ್ನು ನಿಲ್ಲಿಸಿ, ಸೊಸೆಯ ಮೈಮೇಲೆ ಎಣ್ಣೆ ಸುರಿದೆಯಾ ಎಂದು ಕೇಳುವುದು. ಹೌದೆಂದರೂ ಮುಗಿಯಿತು, ಇಲ್ಲವೆಂದರೂ ಮುಗಿಯಿತು. ಆ ಪ್ರಶ್ನೆ ಕೇಳಿಸಿಕೊಂಡ ಹೆಂಗಸು ಮತ್ತೆ ಓಣಿಯಲ್ಲಿ ತಲೆ ಎತ್ತಿ ನಡೆಯುವುದುಂಟೆ? ನಾನು ಬಾಗಿಲು ದಾಟಿ ಹೊರಗೆ ಬಂದೆ. ಅವರು ಹೇಳುವುದು ಖರೆ ಎಂದೆ. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಇವರು ಯಾರ ಕಡೆಯೂ ನೋಡದೆ ಗಾಡಿ ತಿರುಗಿಸಿದರು. ಅದು ಒಂದೇ ಕಿಕ್ಕಿಗೆ ಶುರುವಾಯಿತು, ದರಿದ್ರದ್ದು.

ಮುಂದಿನದನ್ನು ಇವರು ನನಗೆ ಆಮೇಲೆ ಹೇಳಿದರು. ಅತ್ತೆಗೆ ಎಲ್ಲ ಹೇಳಿದಾಗ ಅವರು ಅಳಲಿಲ್ಲ, ಬೈಯಲೂ ಇಲ್ಲ. ಉಣ್ಣದೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ತಮ್ಮ ಬಾಯಿಂದ ಹೊರಟ ಒಂದು ಶಬ್ದ ಎಲ್ಲಿಗೆ ಹೋಗಿ ಮುಟ್ಟಿತು ಎಂದು ಆಗ ಅವರಿಗೆ ತಿಳಿದಿರಬೇಕು. ಬೆಳಿಗ್ಗೆ ಎದ್ದು ಖತೀಜಾಬಿಯನ್ನು ಗೋಡೆಯ ಹತ್ತಿರ ಕರೆದು ನಡೆದದ್ದು ನಡೆದಂತೆ ಹೇಳಿದರು. ಆಮೇಲೆ ಹಿತ್ತಲಿಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಮಗನನ್ನು ಕೇಳಿದರು: “ಬಸೂ, ಇದರ ಮ್ಯಾಲ ಹ್ಯಾಂಗ ಕೂಡೂದು?”

ಇವರು ನಕ್ಕರೋ ಅತ್ತರೋ ನನಗೆ ಹೇಳಿಲ್ಲ.

ಹಿರಿಯರು ಕೂಡುವ ದಿನ ಇನ್ನೂ ಬಂದಿರಲಿಲ್ಲ. ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಬಜಾರಿನ ಕಡೆಯಿಂದ ಆ ಸದ್ದು ಬಂತು. ಕಾದ ಮೇಲೆ ಚಿಮಣಿ ಎಣ್ಣೆಯಲ್ಲಿ ಓಡುವಾಗಿನ ಕೆಮ್ಮಿನ ಸದ್ದು. ಅದನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತಿದ್ದೆ. ಮೊರ ಬಿಟ್ಟು ಎದ್ದು ನಿಂತೆ. ಮೊದಲು ಕಂಡದ್ದು ಹೊಗೆ. ಬೆಳ್ಳಗೆ, ಓಣಿಯ ಎರಡೂ ಗೋಡೆಗೆ ತಾಗಿ ಬರುತ್ತಿತ್ತು. ಜನ ಅಂಗಡಿಗಳಿಂದ ಹೊರಬಂದು, ಸೆರಗು ಟೊಪ್ಪಿಗೆ ಮೂಗಿಗೆ ಹಿಡಿದು, ಗಾಡಿಯ ಹಿಂದೆಯೇ ಬರುತ್ತಿದ್ದರು. ಹೊಗೆಯೊಳಗಿಂದ ಇವರು ಕಂಡರು. ಇವರ ಬೆನ್ನ ಹಿಂದೆ ಅತ್ತೆ.

ಅತ್ತೆ ಎರಡೂ ಕೈಯಿಂದ ಮಗನ ಹೊಟ್ಟೆಯನ್ನು ಬಿಗಿಯಾಗಿ ಅವಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ತಲೆಯ ಮೇಲಿನ ಸೆರಗು ಜಾರಿ, ಬಿಳಿ ಕೂದಲು ಹರಡಿತ್ತು. ಮುಖಕ್ಕೆ ಮಸಿ ಬಡಿದಿತ್ತು. ವಿಜಾಪುರದಿಂದ ಬಬಲೇಶ್ವರದವರೆಗೆ, ಹಾದಿಯ ಊರೂರಿನ ಜನ ನೋಡುತ್ತಿದ್ದಂತೆ, ಮಗನ ಬೆನ್ನಿಗೆ ಅಂಟಿಕೊಂಡು ಬಂದಿದ್ದರು. ಟಾಂಗಾದಲ್ಲಿ ಕೂತರೂ ಸೆರಗು ಹಣೆಯವರೆಗೆ ಎಳೆದುಕೊಳ್ಳುವ ಹೆಂಗಸು. ನನಗೆ ನೆಲ ಬಿರಿಯಬಾರದೇ ಎನಿಸಿತು.

ಗಾಡಿ ನಿಂತಿತು. ಇವರು ಚಾವಿ ತಿರುವುವುದನ್ನು ಆ ದಿನವೂ ಮರೆತರು. ಅತ್ತೆ ಇಳಿದರು, ಇಳಿದವರು ನಿಲ್ಲಲಾಗದೆ ಗಾಡಿಯನ್ನೇ ಹಿಡಿದುಕೊಂಡರು. ಅಣ್ಣ ಹೊರಗೆ ಬಂದ. ಓಣಿಯ ಜನವೆಲ್ಲ ಅಲ್ಲಿಯೇ ಇತ್ತು. ಬೀಗರು ಬಂದರೆ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಮೊದಲ ಕೆಲಸ. ನಾನು ಓಡಿಹೋಗಿ ತಂಬಿಗೆ ತುಂಬಿಕೊಂಡು ಬಂದೆ. ಅತ್ತೆ ತಂಬಿಗೆಯನ್ನು ನೋಡಿ, ಅದನ್ನು ಇಡು, ನಿಮ್ಮವ್ವನ್ನ ಕರಿ ಎಂದರು.

ಅವ್ವ ಬಂದಳು. ಅತ್ತೆ ಗಾಡಿ ಬಿಟ್ಟು ನೆಟ್ಟಗೆ ನಿಂತರು.

“ಸ್ಟೋ ಅಂದಾಕಿ ನಾನ ಬೀಗತಿ. ಸುಳ್ಳ ಹೇಳೇನಿ. ಮಗ ರೇಶನ್ ಎಣ್ಣಿ ಗಾಡಿಗೆ ಹಾಕತಾನ ಅಂತ ಮಂದಿ ಮುಂದ ಹೇಳಾಕ ನಾಚಿಕಿ ಬಂತು.” ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ, ಕೈ ಚಾಚಿ ಅವ್ವನ ಮುಂದೆ ಹಿಡಿದರು. “ತಗೋರಿ, ಮೂಸಿ ನೋಡ್ರಿ. ನನ್ನ ಮೈಮ್ಯಾಲ ಯಾರ ಸುರುವ್ಯಾರ, ಕೇಳ್ರಿ.”

ಅಣ್ಣ ಗಾಡಿಯ ಹತ್ತಿರ ಹೋಗಿ, ಟ್ಯಾಂಕಿನ ಮುಚ್ಚಳದ ಮೇಲೆ ಕೈ ಇಟ್ಟು, ತೆಗೆಯದೆ ಹಾಗೇ ನಿಂತುಬಿಟ್ಟ. ತೆಗೆಯುವ ಅಗತ್ಯವೇ ಇರಲಿಲ್ಲ. ಇಡೀ ಓಣಿ ನಾರುತ್ತಿತ್ತು.

ಅವ್ವ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ತಂದಳು. ಮೂಸಿದಳು. ಮೂಸಿ ಕೆಳಗಿಳಿಸಲಿಲ್ಲ. ಅದನ್ನೇ ಕಣ್ಣಿನವರೆಗೆ ಎಳೆದುಕೊಂಡು ಮುಖ ಮುಚ್ಚಿಕೊಂಡಳು. ಊರಿನ ಜನರ ಮುಂದೆ, ಕೊಲೆಗಡುಕಿ ಎಂದು ತಾನು ನಂಬಿದ್ದವಳ ಸೆರಗಿನೊಳಗೆ ಮುಖ ಇಟ್ಟು ನಿಂತಳು. ಅವಳ ಭುಜ ಕುಣಿಯುತ್ತಿತ್ತು.

“ಸಾಕ ಬಿಡ್ರಿ ಬೀಗತಿ” ಎಂದರು ಅತ್ತೆ. “ತಲಿ ನೋಯತೈತಿ.”

ಅವ್ವ ಬಿಡಲಿಲ್ಲ. ಅತ್ತೆ ಸೆರಗನ್ನು ಎಳೆದುಕೊಳ್ಳಲೂ ಇಲ್ಲ, ಕೈ ಚಾಚಿಕೊಂಡು ಹಾಗೇ ನಿಂತಿದ್ದರು. ನಾನು ಕೆಳಗಿಟ್ಟ ತಂಬಿಗೆಯನ್ನು ಎತ್ತಿಕೊಂಡು ಅವರ ಕಾಲಿಗೆ ನೀರು ಹಾಕಿದೆ.